ಗಾಲಿಸ್ ಕಾಲು ನೋಡಿ

ಕಾರಹುಣ್ಣಿಮೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ಮುಂಗಾರು ಹಬ್ಬ ಮಾಡುತ್ತಾರೆ. ಟನ್‌ಗಟ್ಟಲೆ ಭಾರದ ಕಲ್ಲು ಎಳೆಯುವ ಎತ್ತುಗಳನ್ನು ನೋಡಲು ಗಿಲ್ಲೆಸುಗೂರಿನಿಂದ ನಾವೂ ಹೋಗುತ್ತೇವೆ. ಹೊಸಬರ ಕಣ್ಣೆಲ್ಲ ಕಲ್ಲಿನ ಮೇಲೆ. ಎತ್ತು ಕಟ್ಟಿ ಬಾಳಿದ ಹಿರಿಯರು ಗೊರಸು ನೋಡುತ್ತಾರೆ. ಹಿಂಗಾಲು ನೆಲಕ್ಕೆ ಹೇಗೆ ಊರಿತು, ಜೋಡಿ ಎತ್ತಿನ ಹೆಜ್ಜೆಗೆ ಇದರ ಹೆಜ್ಜೆ ಕೂಡಿತೋ ಇಲ್ಲವೋ, ಅಷ್ಟೇ ಅವರಿಗೆ ಬೇಕಾದದ್ದು. ಕಲ್ಲು ಅಲುಗುವ ಮೊದಲೇ ಯಾವ ಜೋಡಿ ಗೆಲ್ಲುತ್ತದೆಂದು ಹೇಳಿಬಿಡುತ್ತಾರೆ. ಬ್ಯಾಸ್ಕೆಟ್‌ಬಾಲ್ ನೋಡುವುದನ್ನು ನಾನು ಕಲಿತದ್ದು ಇವರ ಪಕ್ಕ ನಿಂತು.

ಹೋದ ವಾರ ಒಂದು ಸಂಜೆ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ 1987ರ ಹಳೆಯ ಪಂದ್ಯವೊಂದನ್ನು ಹಾಕಿದ್ದೆ. ಮಸುಕು ಚಿತ್ರ, ಗ್ರೀಕ್ ಭಾಷೆಯ ಕಾಮೆಂಟರಿ. ವಾಲಿಬಾಲ್ ಮುಗಿಸಿ ಮನೆಗೆ ಹೊರಟಿದ್ದ ಓಣಿಯ ಮೂವರು ಹುಡುಗರು ಹೆಗಲ ಮೇಲಿಂದ ಇಣುಕಿದರು. ಒಬ್ಬ ಕೇಳಿದ: "ಕಾಕಾ, ಆರನೇ ನಂಬರಿನಾತ ಎಲ್ಲಾರಕಿಂತ ಗಿಡ್ಡ ಅದಾನ. ಆದ್ರ ಬರೀ ಈತನ ಹಾಕ್ಲಿಕತ್ಯಾನಲ್ಲ?"

"ಚೆಂಡ್ ನೋಡಬ್ಯಾಡಪ, ಈತನ ಕಾಲ್ ನೋಡು" ಅಂದೆ.

ಆ ಆರನೇ ನಂಬರಿನವರು ನಿಕ್ ಗಾಲಿಸ್. ಎತ್ತರ 1.83 ಮೀಟರ್, ಅಂದರೆ ಆರಡಿ. ಅಂದು ಎದುರಿಗಿದ್ದ ಸೋವಿಯತ್ ತಂಡದ ವ್ಲಾದಿಮಿರ್ ತ್ಕಚೆಂಕೊ 2.20 ಮೀಟರ್ ಆಳು. ರಿಂಗ್ ಇಬ್ಬರಿಗೂ ಹತ್ತಡಿ ಎತ್ತರದಲ್ಲೇ ಇರುತ್ತದೆ. ಈಗ ನಿಧಾನವಾಗಿ ನೋಡೋಣ. ಚೆಂಡು ಪುಟಿಸುತ್ತ ಬರುವಾಗ ಗಾಲಿಸ್ ಅವರ ಮೊಣಕಾಲು ಸದಾ ಮಣಿದಿರುತ್ತದೆ. ಎದುರಾಳಿಯ ಹತ್ತಿರ ಬಂದಾಗ ಅರೆಗಳಿಗೆ ತಡೆಯುತ್ತಾರೆ. ಇವನು ನಿಂತ ಅಂದುಕೊಂಡು ಆತ ಹಿಮ್ಮಡಿಗೆ ಭಾರ ಬಿಡುತ್ತಾನೆ. ಅಷ್ಟು ಹೊತ್ತಿಗೆ ಇವರ ಮುಂದಿನ ಹೆಜ್ಜೆ ಆತನ ಪಾದದ ಪಕ್ಕದಲ್ಲೇ ಊರಿರುತ್ತದೆ. ಭುಜ ಆತನ ಎದೆಗೆ ತಾಗಿಸಿಕೊಂಡೇ ಮೇಲೇಳುತ್ತಾರೆ. ಎದೆಗೆ ಭುಜ ಆನಿಕೊಂಡಿರುವಾಗ ಯಾರೂ ಪೂರಾ ನೆಗೆಯಲಾರರು. ಏಳಡಿಯವನ ಏಳಡಿಯೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಲಿಸ್ ಇನ್ನೂ ಗಾಳಿಯಲ್ಲಿರುತ್ತಾರೆ. ಅಡ್ಡ ಬಂದ ಕೈ ಕೆಳಗಿಳಿಯಲು ಶುರುವಾದ ಮೇಲೆಯೇ ಚೆಂಡು ಬೆರಳು ಬಿಡುತ್ತದೆ. ಕಬಡ್ಡಿಯಲ್ಲಿ ಪಳಗಿದ ರೈಡರ್ ಬೋನಸ್ ಗೆರೆಯ ಮೇಲೆ ಕಾಲು ತೋರಿಸಿ ಮೂಲೆಯವನಿಗೆ ಕೈ ಮುಟ್ಟಿಸುತ್ತಾನಲ್ಲ, ಅದೇ ವಿದ್ಯೆ ಇದು.

ಈ ಕಾಲು ಎಲ್ಲಿಂದ ಬಂತು? ನನ್ನ ಪ್ರಕಾರ ಬಾಕ್ಸಿಂಗ್ ಕಣದಿಂದ. 1957ರ ಜುಲೈ 23ರಂದು ಅಮೆರಿಕದ ನ್ಯೂಜೆರ್ಸಿಯ ಯೂನಿಯನ್ ಸಿಟಿಯಲ್ಲಿ, ಗ್ರೀಸಿನಿಂದ ವಲಸೆ ಹೋಗಿದ್ದ ಬಡ ಕುಟುಂಬದಲ್ಲಿ ಹುಟ್ಟಿದವರು ಗಾಲಿಸ್. ತಂದೆ ಬಾಕ್ಸರ್, ಮಗನೂ ಚಿಕ್ಕಂದಿನಲ್ಲಿ ಗ್ಲೌಸ್ ತೊಟ್ಟ. ಮುಖ ಊದಿಸಿಕೊಂಡು ಮನೆಗೆ ಬರುವ ಮಗನನ್ನು ನೋಡಲಾರದೆ ತಾಯಿ ಬಾಕ್ಸಿಂಗ್ ಬಿಡಿಸಿದರು. ಆಟ ಬದಲಾಯಿತು, ಕಾಲು ಕಲಿತದ್ದು ಉಳಿಯಿತು. ಪೆಟ್ಟು ತಿನ್ನದೆ ಎದುರಾಳಿಯ ಮೈಗೆ ಹತ್ತಿರ ಹೋಗುವುದು, ಅವನ ಭಾರ ಯಾವ ಕಾಲಿನ ಮೇಲಿದೆ ಎಂದು ಓದುವುದು, ಎರಡೂ ಬಾಕ್ಸರನ ಕಸುಬು.

ಸೀಟನ್ ಹಾಲ್ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ, 1979ರಲ್ಲಿ, ಪಂದ್ಯಕ್ಕೆ ಸರಾಸರಿ 27.5 ಪಾಯಿಂಟ್ ಗಳಿಸಿ ಇಡೀ ಅಮೆರಿಕದ ಕಾಲೇಜು ಆಟಗಾರರಲ್ಲಿ ಮೂರನೆಯವರಾದರು. ಎರಡನೆಯವರು ಲ್ಯಾರಿ ಬರ್ಡ್ ಎಂದರೆ ಆ ಸಾಲು ಎಂಥದ್ದೆಂದು ತಿಳಿಯುತ್ತದೆ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಆಯ್ಕೆಯಲ್ಲಿ ಬೋಸ್ಟನ್ ಸೆಲ್ಟಿಕ್ಸ್ ತಂಡ ಅವರನ್ನು ನಾಲ್ಕನೇ ಸುತ್ತಿನಲ್ಲಿ, 68ನೆಯವರಾಗಿ ಆರಿಸಿಕೊಂಡಿತು. ತರಬೇತಿ ಶಿಬಿರದಲ್ಲಿ ಕಾಲಿನ ಗೆಣ್ಣು ಉಳುಕಿತು, ತಂಡ ಕೈಬಿಟ್ಟಿತು. ಕಾಲನ್ನೇ ನಂಬಿದ್ದ ಆಟಗಾರನಿಗೆ ಕಾಲೇ ಕೈಕೊಟ್ಟ ಆ ವಾರಗಳನ್ನು ನೆನೆದರೆ ಇಂದಿಗೂ ನನಗೆ ಸಂಕಟವಾಗುತ್ತದೆ. ಅದೇ ವರ್ಷ ಅವರು ಹೆತ್ತವರ ನಾಡಿಗೆ, ಥೆಸ್ಸಲೊನೀಕಿ ನಗರದ ಆರಿಸ್ ಕ್ಲಬ್ಬಿಗೆ ಹೊರಟರು.

ಆಗ ಗ್ರೀಸಿನಲ್ಲಿ ಆಟವೆಂದರೆ ಫುಟ್‌ಬಾಲ್. ಗಾಲಿಸ್ ಮತ್ತು ಅವರ ಜೊತೆಗಾರ ಪನಯೋಟಿಸ್ ಯನಾಕಿಸ್ ಸೇರಿ ಅದನ್ನು ಬದಲಿಸಿದರು. 1983ರಲ್ಲಿ ಒಮ್ಮೆ, ಆಮೇಲೆ 1985ರಿಂದ 1991ರವರೆಗೆ ಸತತ ಏಳು ಸಲ ಲೀಗ್ ಆರಿಸ್ ಪಾಲಾಯಿತು. ಯುರೋಪಿನ ಪಂದ್ಯಗಳು ಗುರುವಾರ ರಾತ್ರಿ ನಡೆಯುತ್ತಿದ್ದವು. ಆ ರಾತ್ರಿಗಳಲ್ಲಿ ಗ್ರೀಸಿನ ಸಿನಿಮಾ ಥಿಯೇಟರುಗಳಿಗೆ ಜನವೇ ಇರುತ್ತಿರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಟಿವಿ ಇದ್ದ ಒಂದೇ ಮನೆಯ ಮುಂದೆ ಊರೇ ಸೇರಿ, ಬೀದಿ ಬಿಕೋ ಎನ್ನುತ್ತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹುಡುಗರಿಗೆ ತೋರಿಸುತ್ತಿದ್ದದ್ದು 1987ರ ಜೂನ್ 14ರ ಪಂದ್ಯ, ಯುರೋಪಿಯನ್ ಚಾಂಪಿಯನ್‌ಷಿಪ್ ಫೈನಲ್. ಅಥೆನ್ಸಿನ ಕಡಲ ದಂಡೆಯ ಶಾಂತಿ ಮತ್ತು ಸ್ನೇಹ ಕ್ರೀಡಾಂಗಣ ಕಿಕ್ಕಿರಿದಿದೆ. ಎದುರಿಗೆ ಹಿಂದಿನ ಸಲದ ಚಾಂಪಿಯನ್ ಸೋವಿಯತ್ ಒಕ್ಕೂಟ. ಗಾಯಗೊಂಡ ಸಬೋನಿಸ್ ಆಡುತ್ತಿರಲಿಲ್ಲ ನಿಜ, ಆದರೆ ಮಾರ್ಚುಲೊನಿಸ್ ಇದ್ದರು, ವೋಲ್ಕೊವ್ ಇದ್ದರು. ನಿಗದಿತ ಸಮಯ ಮುಗಿದಾಗ 89–89. ಹೆಚ್ಚುವರಿ ಐದು ನಿಮಿಷ ಕೊಟ್ಟರು. ಅದೂ ಮುಗಿಯಲು ನಾಲ್ಕು ಸೆಕೆಂಡು ಇರುವಾಗ 101–101. ಗಾಲಿಸ್ ಅಷ್ಟರಲ್ಲಿ 40 ಪಾಯಿಂಟ್ ಹಾಕಿ ಆಗಿತ್ತು. ಇಡೀ ಟೂರ್ನಿಯಲ್ಲಿ ಅವರ ಸರಾಸರಿ 37.

ಆದರೆ ಫೌಲ್ ಆದದ್ದು ಅರ್ಗೀರಿಸ್ ಕಂಬೂರಿಸ್ ಮೇಲೆ, ಬೆಂಚಿನಿಂದ ಎದ್ದು ಬಂದ ಆಟಗಾರನ ಮೇಲೆ. ಎರಡು ಫ್ರೀ ಥ್ರೋ. ನಾನು ಈ ಆಟದಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರೀತಿಸುವ ಗಳಿಗೆ ಇದು. ಗಡಿಯಾರ ನಿಂತಿರುತ್ತದೆ, ಅಡ್ಡ ಬರುವವರಿಲ್ಲ, ಗೆರೆಯ ಹಿಂದೆ ಒಬ್ಬನೇ ಮನುಷ್ಯ. ಮೊದಲನೆಯದು ಒಳಗೆ. ಎರಡನೆಯದೂ ಒಳಗೆ. 103–101. ಗ್ರೀಸಿಗೆ ಮೊದಲ ಯುರೋಪಿಯನ್ ಕಿರೀಟ. ನನ್ನ ಪಕ್ಕದ ಹುಡುಗರು, ಗ್ರೀಸ್ ಎಲ್ಲಿದೆಯೆಂದೂ ತಿಳಿಯದವರು, ಕಟ್ಟೆಯಿಂದ ಜಿಗಿದು ಕೇಕೆ ಹಾಕಿದರು.

ಎರಡು ವರ್ಷದ ನಂತರ ಝಾಗ್ರೆಬ್‌ನಲ್ಲಿ ನಡೆದ ಇದೇ ಚಾಂಪಿಯನ್‌ಷಿಪ್‌ನಲ್ಲಿ ಗ್ರೀಕರು ಸೋವಿಯತ್ ತಂಡವನ್ನೇ ಸೆಮಿಫೈನಲ್‌ನಲ್ಲಿ 81–80ರಿಂದ ಸೋಲಿಸಿದರು. ಆ 81ರಲ್ಲಿ 45 ಗಾಲಿಸ್ ಒಬ್ಬರದೇ. ಫೈನಲ್‌ನಲ್ಲಿ ಯುಗೊಸ್ಲಾವಿಯ ಗೆದ್ದಿತು. ಮುಗಿಯದ ಆಸೆಗಳೂ ಇದ್ದವು. ಆರಿಸ್ ತಂಡ 1988, 89, 90ರಲ್ಲಿ ಸತತ ಮೂರು ಬಾರಿ ಯುರೋಪಿನ ಕೊನೆಯ ನಾಲ್ಕರ ಘಟ್ಟ ತಲುಪಿ ಮೂರು ಸಲವೂ ಸೆಮಿಫೈನಲ್‌ನಲ್ಲೇ ನಿಂತಿತು. ಅಮೆರಿಕಕ್ಕೆ ಯಾಕೆ ಮರಳಲಿಲ್ಲ ಎಂದು ಕೇಳುವವರು ಒಂದು ನಿಯಮ ಮರೆಯುತ್ತಾರೆ. 1989ರವರೆಗೆ ಎನ್‌ಬಿಎಯಲ್ಲಿ ಆಡಿದವರಿಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚಿರುತ್ತಿತ್ತು. ಹೋಗಿದ್ದರೆ 1987ರ ಆ ರಾತ್ರಿ ಇರುತ್ತಿರಲಿಲ್ಲ.

1992ರಲ್ಲಿ ಅಥೆನ್ಸಿನ ಪನಾಥಿನೈಕೋಸ್ ತಂಡ ಸೇರಿದರು. 1994ರ ಅಕ್ಟೋಬರ್‌ನಲ್ಲಿ ಕೋಚ್ ಅವರನ್ನು ಆರಂಭದ ಐವರಲ್ಲಿ ಇಳಿಸದೆ ಬೆಂಚಿನಲ್ಲಿ ಕೂರಿಸಿದಾಗ ಎದ್ದು ಹೋದರು, ಮತ್ತೆ ಆಡಲಿಲ್ಲ. 37 ವಯಸ್ಸು. ಬೀಳ್ಕೊಡುಗೆಯ ಪಂದ್ಯವಿಲ್ಲದೆ ಮುಗಿದ ಆ ಬದುಕಿಗೆ ನಾಡು ತಡವಾಗಿ ಋಣ ತೀರಿಸಿತು. 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಜ್ಯೋತಿ ಹಿಡಿದು ಕ್ರೀಡಾಂಗಣದೊಳಕ್ಕೆ ಓಡಿ ಬಂದವರು ಗಾಲಿಸ್, ಒಮ್ಮೆಯೂ ಒಲಿಂಪಿಕ್ಸ್ ಆಡದ ಗಾಲಿಸ್. ಅವರು ಆಡಿದ ಥೆಸ್ಸಲೊನೀಕಿಯ ಅಂಗಣಕ್ಕೆ ಈಗ ಅವರದೇ ಹೆಸರು. 2017ರಲ್ಲಿ ಅಮೆರಿಕದ ನೈಸ್ಮಿತ್ ಹಾಲ್ ಆಫ್ ಫೇಮ್ ಕೂಡ ಸೇರಿದರು.

ಗಾಲಿಸ್ ಆಟ ಬಿಟ್ಟ ಎರಡು ತಿಂಗಳೊಳಗೆ, 1994ರ ಡಿಸೆಂಬರ್ 6ರಂದು, ಅಥೆನ್ಸಿನಲ್ಲಿ ನೈಜೀರಿಯಾದಿಂದ ವಲಸೆ ಬಂದ ದಂಪತಿಗೆ ಒಬ್ಬ ಮಗ ಹುಟ್ಟಿದ. ಬೀದಿಯಲ್ಲಿ ವಾಚು, ತಂಪು ಕನ್ನಡಕ ಮಾರುತ್ತ, ಅಣ್ಣನ ಜೊತೆ ಒಂದೇ ಜೋಡಿ ಬೂಟು ಹಂಚಿಕೊಂಡು ಆಡಿದ ಆ ಹುಡುಗ ಯಾನಿಸ್ ಅಂಟೆಟೊಕುಂಪೊ. 2021ರ ಜುಲೈ 20ರಂದು ಮಿಲ್ವಾಕಿ ತಂಡಕ್ಕೆ ಎನ್‌ಬಿಎ ಪ್ರಶಸ್ತಿ ತಂದ ಪಂದ್ಯದಲ್ಲಿ 50 ಪಾಯಿಂಟ್ ಗಳಿಸಿದರು. ಫ್ರೀ ಥ್ರೋ ಬಾರದು ಎಂದು ಎದುರಾಳಿ ಊರಿನ ಪ್ರೇಕ್ಷಕರು ಸೆಕೆಂಡು ಎಣಿಸಿ ಕಾಡಿದ್ದ ಇದೇ ಆಟಗಾರ ಅಂದು 19ರಲ್ಲಿ 17 ಹಾಕಿದರು. ಅವರ ಬಗ್ಗೆ ಎಲ್ಲರೂ ಬರೆಯುತ್ತಾರೆ, ಬರೆಯಲಿ. ಗಾಲಿಸ್ ಇರದಿದ್ದರೆ ಗ್ರೀಸಿನ ಓಣಿ ಓಣಿಗೆ ರಿಂಗ್ ನಿಲ್ಲುತ್ತಿರಲಿಲ್ಲ, ಆ ಹುಡುಗನಿಗೆ ಆಡಲು ಅಂಗಳವಿರುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ನಮ್ಮಲ್ಲೂ ಅಂಥ ರಾತ್ರಿ ಬರಲೆಂದು ನಾನು ಆಸೆಪಟ್ಟವನು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್. ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿ 'ಎ' ವಿಭಾಗಕ್ಕೆ ಏರಿತು. ಅದೇ ಎರಡು ಪಾಯಿಂಟಿನ ಅಂತರ. ಕರ್ನಾಟಕದ ಪಿ.ಯು. ನವನೀತಾ ಆ ತಂಡದಲ್ಲಿದ್ದರು. ಎರಡು ವರ್ಷದ ಮೇಲೆ ಅದೇ ಅಂಗಣದಲ್ಲಿ 'ಎ' ವಿಭಾಗದ ಪಂದ್ಯಗಳು ನಡೆದವು. ಜಪಾನ್ ಗೆದ್ದಿತು, ನಮ್ಮವರು ಕೊನೆಯವರಾದರು. ನಡುವೆ ಇದ್ದ ಎರಡು ವರ್ಷದಲ್ಲಿ ರಾಯಚೂರು, ಮಾನ್ವಿ, ದೇವದುರ್ಗದ ಎಷ್ಟು ಮೈದಾನಗಳಲ್ಲಿ ಹೊಸ ರಿಂಗ್ ನಿಂತವು? ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ತರಲು ಹೊರಟಾಗ ಆ ಹುಡುಗರಲ್ಲಿ ಇಬ್ಬರು ಮೈದಾನದಲ್ಲಿದ್ದರು. ಒಬ್ಬ ಎರಡೂ ಕೈ ಎತ್ತಿ ಮರದಂತೆ ನಿಂತಿದ್ದ. ಇನ್ನೊಬ್ಬ ವಾಲಿಬಾಲನ್ನೇ ನೆಲಕ್ಕೆ ಪುಟಿಸುತ್ತ ಬಂದು, ಅರೆಗಳಿಗೆ ತಡೆದು, ಗೆಳೆಯನ ಪಾದದ ಪಕ್ಕ ಹೆಜ್ಜೆ ಊರಿ ನೆಗೆದ. ರಾತ್ರಿ ಮಳೆಗೆ ಮೆತ್ತಗಾಗಿದ್ದ ಎರೆಮಣ್ಣಿನಲ್ಲಿ ಎರಡು ಹೆಜ್ಜೆ ಅಚ್ಚೊತ್ತಿದ್ದವು. ಮೊದಲನೆಯದರ ಹಿಮ್ಮಡಿ ಆಳ, ಎರಡನೆಯದರ ಬೆರಳು ಆಳ.

"ಕಾಕಾ, ಎರಡನೇ ಹೆಜ್ಜಿ ಜಲ್ದಿ ಆತೇನು?"

"ಸ್ವಲ್ಪ ಜಲ್ದಿ ಆತಪ. ಇನ್ನೊಮ್ಮೆ ಬಾ" ಅಂದೆ, ಹಾಲಿನ ತಂಬಿಗೆ ಕೆಳಗಿಟ್ಟು.