ಸೆರೊಟೋನಿನ್ ನರಕೋಶಗಳೂ ಕಾರಣವಿಚಾರವೂ

ಹಣ್ಣಿನ ನೊಣದ ಹಾರಾಟವನ್ನು ಕುರಿತ ಸಂಶೋಧನೆಗೂ ಇತಿಹಾಸದ ಅಧ್ಯಾಪಕರಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಇಂಥ ಕಾರ್ಯಕ್ಕೆ ಇಂಥದು ಕಾರಣವೆಂದು ಯಾವ ಆಧಾರದಿಂದ ಹೇಳಬಹುದೆಂಬ ಪ್ರಶ್ನೆ ಉಭಯ ಶಾಸ್ತ್ರಗಳಿಗೂ ಸಮಾನವಾದುದು. ಆ ದೃಷ್ಟಿಯಿಂದಲೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಗೈತಿ ಹಸನ್ ಅವರೂ ಸಹೋದ್ಯೋಗಿಗಳೂ ನಡೆಸಿದ ಸಂಶೋಧನೆಯ ಎರಡು ಪ್ರಬಂಧಗಳನ್ನು ನಾವಿಲ್ಲಿ ವಿಮರ್ಶಿಸುತ್ತೇವೆ.

ಮೊದಲನೆಯದು 2012ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ನೊಣದ ಮೇಲೆ ಗಾಳಿಯೂದಿದರೆ ಅದು ಹಾರತೊಡಗುತ್ತದೆ. ಸಂಶೋಧಕರು ಸೆರೊಟೋನಿನ್ ಸ್ರವಿಸುವ ನರಕೋಶಗಳಲ್ಲಿ ಮಾತ್ರ ಧನುರ್ವಾಯುವಿನ ವಿಷ ಉತ್ಪತ್ತಿಯಾಗುವಂತೆ ಮಾಡಿ, ಅವು ನೆರೆಯ ಕೋಶಗಳಿಗೆ ಸಂದೇಶ ಕಳುಹಿಸದಂತೆ ತಡೆದರು. ಆಗ ಸುಮಾರು ಅರ್ಧದಷ್ಟು ನೊಣಗಳು ಹಾರಲಿಲ್ಲ, ಉಳಿದವು ಹಾರಿದವು. ಈ ಕೋಶಗಳು ಹಾರಾಟದ ನರಜಾಲದ ಅವಿಭಾಜ್ಯ ಅಂಗವಲ್ಲ, ಅದರ ನಿಯಂತ್ರಕಗಳು ಮಾತ್ರವೆಂದು ತೋರುತ್ತದೆಂಬುದು ಅವರ ನಿರ್ಣಯ.

ಎರಡನೆಯದು 2013ರಲ್ಲಿ ‘ಪ್ಲಾಸ್ ಜೆನೆಟಿಕ್ಸ್’ನಲ್ಲಿ ಬಂದಿತು. ಇದರಲ್ಲಿ 108 ಗ್ರಾಹಕಗಳನ್ನು ಒಂದೊಂದಾಗಿ ಕುಗ್ಗಿಸಿ ನೋಡಲಾಗಿ, ಹಾರಾಟಕ್ಕೆ ಬೇಕಾದ ಸಂಬಂಧಪಟ್ಟ ಗ್ರಾಹಕಗಳು 5 ಎಂದು ಕಂಡುಬಂದಿತು. ಅವುಗಳಲ್ಲೊಂದು ಪಿ.ಡಿ.ಎಫ್. ಎಂಬ ನರಪೆಪ್ಟೈಡನ್ನು, ಅಂದರೆ ಅಮೈನೋ ಆಮ್ಲಗಳ ಒಂದು ಕಿರುಸರಪಣಿಯನ್ನು, ಗ್ರಹಿಸತಕ್ಕದ್ದು. ನೊಣದ ಹಗಲಿರುಳಿನ ಲಯಕ್ಕೆ ಸಂಬಂಧಿಸಿದುದೆಂದು ಮೊದಲೇ ಪರಿಚಿತವಾಗಿದ್ದ ಈ ದ್ರವ್ಯ ಹಾರಾಟದಲ್ಲಿಯೂ ಕೈಯಾಡಿಸುತ್ತದೆಂಬುದು ಹೊಸ ಸಂಗತಿ.

ಈ ಕೆಲಸದ ಗುಣ ಅದರ ಪ್ರಾಮಾಣಿಕತೆಯಲ್ಲಿದೆ. ಹಾರದ ಅರ್ಧದೊಡನೆ ಹಾರಿದ ಅರ್ಧಕ್ಕೂ ಲೆಕ್ಕ ಕೊಡಲಾಗಿದೆ. ಆದರೆ ಎರಡು ಆಕ್ಷೇಪಗಳನ್ನು ಹೇಳದೆ ವಿಧಿಯಿಲ್ಲ. 2012ರ ಪ್ರಬಂಧದ ಶೀರ್ಷಿಕೆ ಈ ಕೋಶಗಳ ಕ್ರಿಯೆ ಹಾರಾಟಕ್ಕೆ ಅವಶ್ಯವೆನ್ನುತ್ತದೆ. ಒಳಗಿನ ನಿರ್ಣಯವಾದರೋ ಆ ಅವಶ್ಯಕತೆ ಆಂಶಿಕವೆನ್ನುತ್ತದೆ. ಶೀರ್ಷಿಕೆಯನ್ನಷ್ಟೇ ಓದುವವರು ತಪ್ಪು ತಿಳಿಯುವರು. ಎರಡನೆಯದಾಗಿ, ಹಾರದ ನೊಣಗಳ ಎದೆಯ ಒಂದು ಖಂಡದಲ್ಲಿ ಸೆರೊಟೋನಿನ್ ಕೋಶಗಳ ಸಂಖ್ಯೆಯೇ ಕೊಂಚ ತಗ್ಗಿತ್ತು. ಹಾಗಾದರೆ ಕಾರಣ ಕೋಶಗಳ ಮೌನವೋ, ಅವುಗಳ ನಾಶವೋ? ಲೇಖಕರು ಎರಡನ್ನೂ ಹೇಳುತ್ತಾರೆ. ಯಾವುದರ ಪಾಲೆಷ್ಟೆಂದು ಬೇರ್ಪಡಿಸಿಲ್ಲ.

ಅರಂತೋಡಿನಲ್ಲಿ ಇತಿಹಾಸವನ್ನು ಓದುವ ನಮಗೆ ಈ ತೊಡಕು ಹೊಸದಲ್ಲ. ಇದೇ ಸುಳ್ಯ ಸೀಮೆಯಲ್ಲಿ 1837ರಲ್ಲಿ ಎದ್ದ ದಂಗೆಗೆ ಕಾರಣವೇನೆಂದು ಕೇಳಿದರೆ, ಕಲ್ಯಾಣಪ್ಪನೆಂಬ ಒಂದೇ ಹೆಸರನ್ನು ಬರೆದು ಮುಗಿಸುವ ವಿದ್ಯಾರ್ಥಿಗಳುಂಟು. 1834ರಲ್ಲಿ ಕೊಡಗು ಇಂಗ್ಲಿಷರ ವಶವಾದುದು, ಅಮರ ಸುಳ್ಯ ಮಾಗಣೆ ಕೆನರಾ ಜಿಲ್ಲೆಗೆ ಸೇರಿದುದು, ಧಾನ್ಯರೂಪದ ಕಂದಾಯವನ್ನು ನಗದಾಗಿ ತೆರಬೇಕಾದುದು, ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳುತನ—ಇವೆಲ್ಲ ಆ ಉತ್ತರದಲ್ಲಿ ಮಾಯವಾಗುತ್ತವೆ. ಒಂದು ಕಾರಣವನ್ನು ತೆಗೆದು ದಂಗೆಯನ್ನು ಮತ್ತೊಮ್ಮೆ ನಡೆಸಿ ನೋಡುವ ಸೌಕರ್ಯ ನಮಗಿಲ್ಲ. ಪ್ರಯೋಗಶಾಲೆಗೆ ಅದಿದೆ. ಅದಿದ್ದೂ ಅಲ್ಲಿ ದೊರೆತುದು ಅರ್ಧ ಉತ್ತರವೆಂದ ಮೇಲೆ, ನಾವು ಪೂರ್ಣ ಉತ್ತರವನ್ನು ಒಂದೇ ಹೆಸರಿನಲ್ಲಿ ಹೇಳುವುದು ದುಡುಕು.

ಸೆರೊಟೋನಿನನ್ನು ‘ಸಂತೋಷದ ದ್ರವ್ಯ’ವೆಂದು ಕರೆಯುವ ಜನಪ್ರಿಯ ಬರಹಗಳ ದೋಷವೂ ಇದೇ. ಅವಶ್ಯವಾದುದು, ತಾನೊಂದೇ ಸಾಕಾಗುವುದು, ಸಹಾಯಕವಾದುದು—ಈ ಮೂರೂ ಬೇರೆ ಬೇರೆ. ಆ ಭೇದವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಈ ಪ್ರಬಂಧಗಳು ಉತ್ತಮ ಪಾಠವಾಗಬಲ್ಲವೆಂದು ನಮ್ಮ ಅಭಿಪ್ರಾಯ.