ಅಧ್ಯಾಪಕಕವಿಯ ವ್ಯಾಸಂಗಕಾಲ: ರ‍್ಯಾಂಡಲ್ ಜರೆಲನನ್ನು ಕುರಿತ ಒಂದು ಪರಿಶೀಲನ

ಕವಿಯಾದವನಿಗೆ ಅಧ್ಯಾಪನವೃತ್ತಿಯು ಪೋಷಕವೋ ಬಾಧಕವೋ ಎಂಬುದು ಸಾಹಿತ್ಯಲೋಕದಲ್ಲಿ ಆಗಾಗ ತಲೆಯೆತ್ತುವ ಪ್ರಶ್ನೆ. ವಿದ್ಯಾರ್ಥಿಗಳ ತಪ್ಪುಗಳನ್ನು ತಿದ್ದುತ್ತ, ಪದವಿಗಾಗಿ ಪ್ರೌಢಪ್ರಬಂಧವನ್ನು ಬರೆಯುತ್ತ ಇರುವವನ ಪ್ರತಿಭೆ ಬತ್ತಿಹೋಗುವುದೆಂದು ಕೆಲವರ ಮತ. ವ್ಯುತ್ಪತ್ತಿ ಅಭ್ಯಾಸಗಳ ನೆರವಿಲ್ಲದ ಪ್ರತಿಭೆ ದಾರಿ ಕಾಣದೆಂದು ಮತ್ತೆ ಕೆಲವರ ಮತ. ಈ ವಾದವನ್ನು ಸಾಮಾನ್ಯವಾಗಿ ಬೆಳೆಯಿಸುವುದಕ್ಕಿಂತ ಒಬ್ಬ ಕವಿಯ ಬಾಳಿನಲ್ಲಿಯೂ ಕೃತಿಯಲ್ಲಿಯೂ ಒರೆಹಚ್ಚಿ ನೋಡುವುದು ಮೇಲು. ಅಮೆರಿಕದ ಕವಿ, ವಿಮರ್ಶಕ ರ‍್ಯಾಂಡಲ್ ಜರೆಲನು (1914–1965) ಅದಕ್ಕೆ ತಕ್ಕ ನಿದರ್ಶನ.

ಜರೆಲನು ಟೆನೆಸಿ ಪ್ರಾಂತದ ನ್ಯಾಶ್‌ವಿಲ್ ನಗರದಲ್ಲಿ ಹುಟ್ಟಿದನು. ಅಲ್ಲಿಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ ಮೊದಲು ಮನಃಶಾಸ್ತ್ರದ ಕಡೆಗೆ ಒಲಿದಿದ್ದ ಅವನನ್ನು ಸಾಹಿತ್ಯವು ಸೆಳೆದುಕೊಂಡಿತು. ಕವಿಯೂ ವಿಮರ್ಶಕನೂ ಆದ ಜಾನ್ ಕ್ರೋ ರ‍್ಯಾನ್‌ಸಮ್ ಅವನ ಗುರು. 1937ರಲ್ಲಿ ರ‍್ಯಾನ್‌ಸಮನು ಒಹೈಯೋ ಪ್ರಾಂತದ ಕೆನ್ಯನ್ ಕಾಲೇಜಿಗೆ ಹೋದಾಗ ಶಿಷ್ಯನೂ ಅವನನ್ನು ಹಿಂಬಾಲಿಸಿ ಅಲ್ಲಿಯೇ ಉಪಾಧ್ಯಾಯನಾದನು. ಮೊದಲ ವರ್ಷ ಅವನ ವಾಸ ಗುರುವಿನ ಮನೆಯ ಮಹಡಿಯಲ್ಲಿ. ಜೊತೆಗಾರನು ಮುಂದೆ ಪ್ರಖ್ಯಾತ ಕವಿಯಾದ ರಾಬರ್ಟ್ ಲೋವೆಲ್. ಹಗಲು ಪಾಠ, ಸಂಜೆ ಹುಡುಗರಿಗೆ ಟೆನಿಸ್ ಆಟದ ಶಿಕ್ಷಣ, ಉಳಿದ ವೇಳೆಯಲ್ಲಿ ವ್ಯಾಂಡರ್‌ಬಿಲ್ಟಿನ ಎಂ. ಎ. ಪದವಿಗಾಗಿ ಪ್ರೌಢಪ್ರಬಂಧ. 1939ರಲ್ಲಿ ಟೆಕ್ಸಸ್ ವಿಶ್ವವಿದ್ಯಾನಿಲಯಕ್ಕೆ ತೆರಳಿ 1942ರವರೆಗೆ ಅಲ್ಲಿ ಕಿರಿಯ ಅಧ್ಯಾಪಕನಾಗಿದ್ದನು.

ಅಮೆರಿಕದ ಕಾಲೇಜುಗಳಲ್ಲಿ ಹೊಸ ವಿದ್ಯಾರ್ಥಿಗಳಿಗೆ ಬರವಣಿಗೆಯನ್ನು ಕಲಿಸುವ ಪಾಠವೊಂದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹಾರ್ವರ್ಡಿನಲ್ಲಿ ನೆಲೆಗೊಂಡು ಎಲ್ಲೆಡೆಗೂ ಹರಡಿತು. ಅದರ ಹೊರೆ ಬೀಳುವುದು ಬಹುಮಟ್ಟಿಗೆ ಕಿರಿಯ ಉಪಾಧ್ಯಾಯರ ಮೇಲೆ, ಎಂದರೆ ಇನ್ನೂ ತಾವೇ ವ್ಯಾಸಂಗದಲ್ಲಿರುವವರ ಮೇಲೆ. ವಾಕ್ಯದಲ್ಲಿ ಹೇಳಬೇಕಾದುದು ಯಾವುದು, ಹೇಳದೆ ಬಿಡಬೇಕಾದುದು ಯಾವುದು ಎಂದು ದಿನವೂ ತೂಗಿ ನೋಡುವುದು ಈ ವೃತ್ತಿಯ ನಿತ್ಯಕರ್ಮ. ಜರೆಲನ ಪ್ರೌಢಪ್ರಬಂಧದ ವಿಷಯವೂ ಇದಕ್ಕೆ ದೂರವಾಗಿರಲಿಲ್ಲವೆಂಬುದು ಗಮನಾರ್ಹ. ಆಂಗ್ಲಕವಿ ಹೌಸ್‌ಮನ್ನನ ಪದ್ಯಗಳಲ್ಲಿ ಸಾಮಾನ್ಯತತ್ತ್ವವು ಬಾಯಿಬಿಟ್ಟು ಹೇಳದೆ ಹೇಗೆ ಅಡಗಿ ನಿಂತಿದೆ ಎಂಬುದೇ ಅದರ ವಸ್ತು. 1939ರಲ್ಲಿ ರ‍್ಯಾನ್‌ಸಮನು ಆರಂಭಿಸಿದ 'ಕೆನ್ಯನ್ ರಿವ್ಯೂ' ಪತ್ರಿಕೆಯಲ್ಲಿ ಅದೇ ವರ್ಷ ಬಂದ ಜರೆಲನ ಲೇಖನವು ಹೌಸ್‌ಮನ್ನನ ಎರಡೇ ಕಿರುಪದ್ಯಗಳನ್ನು ಎತ್ತಿಕೊಂಡು, ಪದಪದವನ್ನೂ ಬಿಡಿಸಿ, ಅವುಗಳಲ್ಲಿ ನುಡಿಯದೆ ಉಳಿದ ಅರ್ಥವನ್ನು ಬೆಳಕಿಗೆ ತರುತ್ತದೆ. ಹೌಸ್‌ಮನ್ನನೂ ಲ್ಯಾಟಿನ್ ಪ್ರಾಧ್ಯಾಪಕನೇ. ಆದರೆ ಅವನು ಪಾಂಡಿತ್ಯವನ್ನೂ ಕವಿತೆಯನ್ನೂ ಬೇರೆಬೇರೆ ಕೋಣೆಗಳಲ್ಲಿಟ್ಟು ಬಾಗಿಲು ಹಾಕಿದವನು. ಜರೆಲನ ಪಾಲಿಗೆ ಆ ಬಾಗಿಲು ತೆರೆದೇ ಇತ್ತು.

ಭಾರತೀಯ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಈ ವಿಚಾರ ಅಪರಿಚಿತವಲ್ಲ. ವಿಶೇಷವನ್ನು ಹೇಳಿ ಅದನ್ನು ಸಾಮಾನ್ಯದಿಂದ ಸಮರ್ಥಿಸಿದರೆ ಅರ್ಥಾಂತರನ್ಯಾಸ. ವಾಚ್ಯವಾಗದೆ ಸಹೃದಯನ ಮನಸ್ಸಿನಲ್ಲಿ ಹೊಳೆದರೆ ಧ್ವನಿ. ಆನಂದವರ್ಧನನು ಕಾವ್ಯದ ಆತ್ಮವೆಂದು ಎತ್ತಿ ಹಿಡಿದ ಈ ಧ್ವನಿಯನ್ನು 'ಕವಿರಾಜಮಾರ್ಗ'ವು ಅಲಂಕಾರಗಳ ಸಾಲಿನಲ್ಲಿ ಹೆಸರಿಸುತ್ತದೆ. ಜರೆಲನಿಗೆ ಈ ಶಾಸ್ತ್ರದ ನೆರವು ದೊರೆತಿತ್ತೆಂದು ಇದರ ಅಭಿಪ್ರಾಯವಲ್ಲ. ಆದರೆ ಅವನು ಹೌಸ್‌ಮನ್ನನಲ್ಲಿ ಹುಡುಕಿದುದು ಅರ್ಥಾಂತರನ್ಯಾಸದಿಂದ ಧ್ವನಿಯ ಕಡೆಗೆ ಸಾಗುವ ದಾರಿಯನ್ನೇ ಎನ್ನಬಹುದು.

ಹೀಗಿದ್ದರೂ ಶಾಸ್ತ್ರವಾಗಿ ತಿಳಿದುದು ಕಾವ್ಯವಾಗಿ ಕೂಡಲೇ ಫಲಿಸಲಿಲ್ಲ. 1942ರಲ್ಲಿ ಪ್ರಕಟವಾದ ಅವನ ಮೊದಲ ಸಂಕಲನ 'ಬ್ಲಡ್ ಫಾರ್ ಎ ಸ್ಟ್ರೇಂಜರ್' ಇದಕ್ಕೆ ಸಾಕ್ಷಿ. ಅದರಲ್ಲಿ ಬುದ್ಧಿಯ ಚುರುಕುಂಟು, ಛಂದಸ್ಸಿನ ಹಿಡಿತವುಂಟು. ಆಡೆನ್ ಕವಿಯ ನೆರಳೂ ದಟ್ಟವಾಗಿದೆ. ಮನುಷ್ಯರಿಗಿಂತ ತತ್ತ್ವಗಳೇ ಮುಂದೆ ನಿಂತು ಮಾತನಾಡುತ್ತವೆ. ಪರರ ಕವಿತೆಯಲ್ಲಿ ಯಾವುದನ್ನು ಅಡಗಿಸಬೇಕೆಂದು ಕಂಡುಕೊಂಡಿದ್ದನೋ ಅದನ್ನೇ ತನ್ನ ಕವಿತೆಯಲ್ಲಿ ಬಿಚ್ಚಿ ಹರಡಿದನು. 1955ರಲ್ಲಿ ಆಯ್ದ ಕವಿತೆಗಳನ್ನು ಹೊರತರುವಾಗ ಈ ಮೊದಲ ಪುಸ್ತಕದಿಂದ ಕೆಲವನ್ನು ಮಾತ್ರ ಅವನು ಉಳಿಸಿಕೊಂಡುದು ತನ್ನ ಮೇಲೆ ತಾನೇ ಕೊಟ್ಟ ತೀರ್ಪು.

ಬದಲಾವಣೆ ಬಂದುದು 1942ರ ಬಳಿಕ. ಅವನು ವಾಯುಸೇನೆಯನ್ನು ಸೇರಿದನು. ವಿಮಾನಚಾಲಕನಾಗಲಾರದೆ, ನಕ್ಷತ್ರಗಳನ್ನು ನೋಡಿ ದಿಕ್ಕು ಹಿಡಿಯುವ ವಿದ್ಯೆಯನ್ನು ತರುಣ ವೈಮಾನಿಕರಿಗೆ ಕಲಿಸುವ ಕೆಲಸಕ್ಕೆ ಅರಿಜೋನದಲ್ಲಿ ನಿಯುಕ್ತನಾದನು. 'ಲಿಟ್ಲ್ ಫ್ರೆಂಡ್, ಲಿಟ್ಲ್ ಫ್ರೆಂಡ್' (1945) ಸಂಕಲನದ ಯುದ್ಧಕವಿತೆಗಳು ಹುಟ್ಟಿದುದು ಈ ಕಾಲದಲ್ಲಿ. ಐದೇ ಸಾಲುಗಳ ಒಂದು ಪ್ರಸಿದ್ಧ ಪದ್ಯದಲ್ಲಿ ವಿಮಾನದ ಹೊಟ್ಟೆಯಲ್ಲಿದ್ದ ಬಂದೂಕುಗಾರನು ಸತ್ತ ಮೇಲೆ ತಾನೇ ತನ್ನ ಕಥೆಯನ್ನು ಹೇಳುತ್ತಾನೆ. ರಾಜ್ಯಶಕ್ತಿಯ ಕ್ರೌರ್ಯವನ್ನು ಕುರಿತು ಅಲ್ಲಿ ಒಂದು ತೀರ್ಮಾನವಾಕ್ಯವೂ ಇಲ್ಲ. ಇಲ್ಲದಿರುವುದರಿಂದಲೇ ಅದು ಓದುಗನ ಎದೆಯಲ್ಲಿ ಮೊಳಗುತ್ತದೆ. 'ಲಾಸಸ್' ಎಂಬ ಇನ್ನೊಂದು ಕವಿತೆಯಲ್ಲಿ ಮಾತನಾಡುವವರು ತರುಣ ವೈಮಾನಿಕರು. ಅವರು ಸುಟ್ಟ ಊರುಗಳ ಹೆಸರನ್ನು ಮೊದಲು ತಿಳಿದುದು ಶಾಲೆಯ ಪಾಠದಲ್ಲಿ.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಕವಿಯನ್ನು ಕವಿಯಾಗಿ ಮಾಡಿದುದು ಯುದ್ಧವೇ ಹೊರತು ಕಾಲೇಜಲ್ಲ ಎಂದು. ಆದರೆ ಜರೆಲನು ರಣರಂಗವನ್ನು ಕಾಣಲಿಲ್ಲ. ಅವನು ಕಂಡುದು ರಣರಂಗಕ್ಕೆ ಹೊರಟ ವಿದ್ಯಾರ್ಥಿಗಳನ್ನು. ಎರಡು ಮೂರು ವರ್ಷಗಳ ಹಿಂದೆ ಪ್ರಬಂಧ ಬರೆಯುತ್ತ ಎದುರಿಗೆ ಕುಳಿತಿದ್ದ ವಯಸ್ಸಿನ ಹುಡುಗರೇ ಅವರು. ಆ ಹುಡುಗರ ತೊದಲು ವಾಕ್ಯಗಳನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ಇಲ್ಲದಿದ್ದರೆ, ಅವರ ಬಾಯಿಂದಲೇ ಮಾತನಾಡಿಸುವ ಈ ಕಾವ್ಯರೀತಿಯು ಅಷ್ಟು ಸಹಜವಾಗಿ ಕೈಗೂಡುತ್ತಿರಲಿಲ್ಲ. ಪ್ರೌಢಪ್ರಬಂಧವು ಅವನಿಗೆ ಸೂತ್ರವನ್ನು ಕೊಟ್ಟಿತು. ತರಗತಿಯು ಕಿವಿಯನ್ನು ಕೊಟ್ಟಿತು. ಯುದ್ಧವು ಅವೆರಡನ್ನೂ ಬೆಸೆಯಿತು.

ಈ ವಿದ್ಯಾಜೀವನದ ಅಪಾಯವನ್ನೂ ಅವನು ಅರಿಯದೆ ಇರಲಿಲ್ಲ. ವಿಮರ್ಶೆಯು ವಿಶ್ವವಿದ್ಯಾನಿಲಯಗಳ ಕ್ರಮಬದ್ಧ ಕಾರ್ಯವಾಗಬೇಕೆಂದು ರ‍್ಯಾನ್‌ಸಮನು 1937ರ ಒಂದು ಲೇಖನದಲ್ಲಿ ಪ್ರತಿಪಾದಿಸಿದ್ದನು. ಹದಿನೈದು ವರ್ಷಗಳ ಮೇಲೆ, 1952ರಲ್ಲಿ, ಶಿಷ್ಯನು ವಿಮರ್ಶೆಯು ಕಾವ್ಯವನ್ನೇ ಮುಚ್ಚುವಷ್ಟು ಬೆಳೆದಿದೆಯೆಂದು ಕಟುವಾಗಿ ಎಚ್ಚರಿಸಿದನು. 1954ರಲ್ಲಿ ಕಾಲೇಜುಜೀವನವನ್ನು ವಿಡಂಬಿಸುವ ಕಾದಂಬರಿಯನ್ನೂ ಬರೆದನು. ಆದರೂ ಅಧ್ಯಾಪನವನ್ನು ತೊರೆಯಲಿಲ್ಲ. 1947ರಿಂದ ಉತ್ತರ ಕ್ಯಾರೊಲೈನದ ಗ್ರೀನ್ಸ್‌ಬರೋದಲ್ಲಿ ಆರಂಭಿಸಿದ ಪಾಠವು, ನಡುವೆ ಕೆಲವು ಬಿಡುವುಗಳಿದ್ದರೂ, 1965ರಲ್ಲಿ ಅವನ ಮರಣದವರೆಗೂ ನಡೆಯಿತು.

ಆದುದರಿಂದ ವೃತ್ತಿಯು ಕವಿಯನ್ನು ಕೊಲ್ಲುವುದೋ ಕಾಯುವುದೋ ಎಂಬ ಪ್ರಶ್ನೆಗೆ ವೃತ್ತಿಯಲ್ಲಿಯೇ ಉತ್ತರವಿಲ್ಲ. ಅಧ್ಯಾಪಕನು ವಿದ್ಯಾರ್ಥಿಯ ಬರಹದಲ್ಲಿ ತಪ್ಪನ್ನು ಮಾತ್ರ ಕಂಡರೆ ಅವನೊಳಗಿನ ಕವಿ ಕ್ರಮೇಣ ಮೂಕನಾಗುವನು; ಬರೆದವನನ್ನು ಕಂಡರೆ, ತಡವಾಗಿಯಾದರೂ, ಅವನ ಕಾವ್ಯಕ್ಕೆ ಮನುಷ್ಯರು ಬಂದು ಸೇರುವರು. ಜರೆಲನ ಮೊದಲ ಎರಡು ಸಂಕಲನಗಳ ನಡುವಣ ಮೂರು ವರ್ಷಗಳ ಅಂತರವು ಸಾರುವುದು ಇದನ್ನೇ.