ಪಾಠ ಬಂತು, ಆಟ ಬರಲಿಲ್ಲ

ಕೊರೊನಾ ಕಾಲದಲ್ಲಿ ನಮ್ಮ ಶಿಕ್ಷಣ ಇಲಾಖೆ ಕೈಗೊಂಡ ಕೆಲಸಗಳಲ್ಲಿ ವಿದ್ಯಾಗಮದಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದರಷ್ಟು ಅರೆಬರೆಯಾದದ್ದೂ ಇನ್ನೊಂದಿಲ್ಲ. ಎರಡು ತಿಂಗಳು ನಡೆದು ನಿಂತುಹೋದ ಆ ಕಾರ್ಯಕ್ರಮದ ಬಗ್ಗೆ ಆಗ ನಡೆದ ಚರ್ಚೆಯೆಲ್ಲ ಸೋಂಕು ಹರಡಿತೇ ಇಲ್ಲವೇ ಎಂಬುದರ ಸುತ್ತಲೇ ಗಿರಕಿ ಹೊಡೆಯಿತು. ಮಗುವಿನ ಕಡೆಯಿಂದ ಅದನ್ನು ಯಾರೂ ವಿಮರ್ಶಿಸಲಿಲ್ಲ. ಈಗಲಾದರೂ ಆ ಕೆಲಸ ಆಗಬೇಕು.

ಅದಕ್ಕೂ ಹಿಂದಿನ ತಿಂಗಳುಗಳು ಹೇಗಿದ್ದವು ನೆನಪಿಸಿಕೊಳ್ಳಿ. 2020ರ ಮಾರ್ಚ್ ಮಧ್ಯದಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಶಿವಮೊಗ್ಗ ಜಿಲ್ಲೆಯಲ್ಲಿ ಆಗ ಒಂದೇ ಒಂದು ಪ್ರಕರಣವೂ ಇರಲಿಲ್ಲ. ಮೊದಲ ಎಂಟು ಪ್ರಕರಣ ಪತ್ತೆಯಾದದ್ದು ಮೇ 10ರಂದು. ಜೂನ್‌ನಲ್ಲಿ ಸರ್ಕಾರ ಚಿಕ್ಕ ಮಕ್ಕಳ ಆನ್‌ಲೈನ್ ಪಾಠವನ್ನು ನಿಷೇಧಿಸಿತು, ಜುಲೈ 8ಕ್ಕೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಜುಲೈ 20ರಿಂದ ದೂರದರ್ಶನ ಚಂದನದಲ್ಲಿ ಹೈಸ್ಕೂಲು ಮಕ್ಕಳಿಗೆ 'ಸಂವೇದ' ಪಾಠಗಳು ಶುರುವಾದವು. ಇಷ್ಟರಲ್ಲಿ ಯಾವುದೂ ಸರ್ಕಾರಿ ಶಾಲೆಯ ಎರಡನೇ ತರಗತಿಯ ಮಗುವನ್ನು ತಲುಪುವಂಥದ್ದಲ್ಲ.

ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಮಕ್ಕಳು ಶಾಲೆಗೆ ಬರುವಂತಿಲ್ಲ ಎಂದರೆ ಮೇಷ್ಟರೇ ಮಕ್ಕಳಿದ್ದಲ್ಲಿಗೆ ಹೋಗಬೇಕು ಎಂಬುದು ಅದರ ತಿರುಳು. ಮನೆಯಲ್ಲಿ ಸ್ಮಾರ್ಟ್‌ಫೋನ್ ಇರುವವರು, ಬರೀ ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಮೂರು ಗುಂಪು ಮಾಡಿ, ಒಬ್ಬೊಬ್ಬ ಶಿಕ್ಷಕರಿಗೆ ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನು ವಹಿಸಿದರು. ದೇವಸ್ಥಾನದ ಅಂಗಳ, ಅಶ್ವತ್ಥಕಟ್ಟೆ, ಸಮುದಾಯ ಭವನ, ಯಾರದೋ ಮನೆಯ ಜಗುಲಿ ತರಗತಿಗಳಾದವು. ಜನ ಅದನ್ನು ವಠಾರ ಶಾಲೆ ಎಂದರು. ಮೊಬೈಲು ಇಲ್ಲದ ಮಗುವೇ ಇಲ್ಲ ಎಂಬಂತೆ ದೇಶದ ಬಹುಪಾಲು ನಟಿಸುತ್ತಿದ್ದಾಗ, ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಯೋಜನೆ ಮಾಡಿದ್ದು ಸಣ್ಣ ಮಾತಲ್ಲ. ಆಗ ಶಿಕ್ಷಣ ಸಚಿವರಾಗಿದ್ದ ಎಸ್. ಸುರೇಶ್ ಕುಮಾರ್ ಅವರಿಗೂ ಇಲಾಖೆಯ ಅಧಿಕಾರಿಗಳಿಗೂ ಈ ಒಂದು ಕಾರಣಕ್ಕೆ ಮೆಚ್ಚುಗೆ ಸಲ್ಲಲೇಬೇಕು.

ಆದರೆ ಈ ಆದೇಶವನ್ನು ಗಾಜನೂರಿನಲ್ಲಿ ನಿಂತು ಓದಿ ನೋಡಿ. (ರಾಜ್‌ಕುಮಾರ್ ಅವರ ಗಾಜನೂರು ಬೇರೆ; ಅದು ಚಾಮರಾಜನಗರದಾಚೆ ತಾಳವಾಡಿಯ ಹತ್ತಿರ. ನಾನು ಹೇಳುತ್ತಿರುವುದು ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸಿಗುವ, ತುಂಗಾ ಅಣೆಕಟ್ಟಿನ ಗಾಜನೂರು.) ಈ ಅಣೆಕಟ್ಟಿನ ಸಾಮರ್ಥ್ಯ ಬರೀ 3.24 ಟಿಎಂಸಿ. ಮುಂಗಾರು ಕಾಲಿಟ್ಟ ಕೆಲವೇ ದಿನಕ್ಕೆ ತುಂಬಿ ಗೇಟು ತೆಗೆಯುತ್ತಾರೆ. ಆಗಸ್ಟ್ ಹೊತ್ತಿಗೆ ಇಲ್ಲಿಂದ ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಯವರೆಗೂ ಜಿಟಿಜಿಟಿ ಮಳೆ ಹಿಡಿದಿರುತ್ತದೆ. ಅಂಥ ತಿಂಗಳಲ್ಲಿ ಮರದ ಕೆಳಗೆ ತರಗತಿ ಮಾಡಿ ಎಂದು ಬರೆದವರು ನೃಪತುಂಗ ರಸ್ತೆಯ ಕಚೇರಿಯಲ್ಲಿ ಕೂತು ಬಯಲುಸೀಮೆಯ ಆಕಾಶವನ್ನೇ ನೋಡಿರಬೇಕು. ಮಲೆನಾಡಿನ ಮಟ್ಟಿಗೆ 'ಬಯಲು ತರಗತಿ' ಎಂದರೆ ಜಗುಲಿ, ಇಲ್ಲವೇ ಹೆಂಚಿನ ಮಾಡಿನ ಭಜನಾ ಮಂದಿರ. ಗಾಳಿಯಾಡಲಿ ಎಂದು ಹೊರಗೆ ತಂದ ಮಕ್ಕಳು ಮಳೆಗೆ ಹೆದರಿ ಒಂದೇ ಮಾಡಿನಡಿ ಒತ್ತಿಕೊಂಡು ಕೂರಬೇಕು. ಯೋಜನೆಯ ವೈದ್ಯಕೀಯ ತರ್ಕವೇ ಅಲ್ಲಿಗೆ ಬಿದ್ದುಹೋಯಿತು.

ಇನ್ನು ಮನೆಗಳ ಮಾತು. ಬಯಲುಸೀಮೆಯ ಹಳ್ಳಿಯಲ್ಲಿ ಒಂದು ಕೇರಿಗೆ ಹತ್ತು ಮಕ್ಕಳು ಸಿಕ್ಕಾರು. ಇಲ್ಲಿ ಒಂದೊಂದು ಮನೆ ಒಂದೊಂದು ತೋಟದ ತಲೆಯಲ್ಲಿ. ನಡುವೆ ಗದ್ದೆ, ಹಳ್ಳ, ಕಾಡು. ಒಂಟಿ ಮನೆಯ ಇಬ್ಬರು ಮಕ್ಕಳಿಗಾಗಿ ಮೇಷ್ಟರು ಬೈಕಿನಲ್ಲಿ ಎಷ್ಟು ಸುತ್ತಿಯಾರು? ನೆಟ್‌ವರ್ಕಿನ ಕಥೆ ಎಲ್ಲರಿಗೂ ಗೊತ್ತು. ಸಾಗರ, ಹೊಸನಗರದ ಕಡೆ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಮಲೆನಾಡಿನ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಎಂಬ ಚಳವಳಿಯೇ ಎದ್ದಿತು. ಆ ಚಿತ್ರಗಳನ್ನು ನಾವು ಮಕ್ಕಳ ಛಲಕ್ಕೆ ಸಾಕ್ಷಿಯೆಂದು ಹೊಗಳಿದೆವು. ಹೊಗಳಬೇಕಾದದ್ದಾಗಿರಲಿಲ್ಲ ಅದು.

ಇವೆಲ್ಲ ಜಾರಿಯ ದೋಷಗಳು, ತಿದ್ದಿಕೊಳ್ಳಬಹುದಾಗಿತ್ತು. ಮಕ್ಕಳನ್ನು ಹೊರಗೆ ಕರೆತಂದ ವಿದ್ಯಾಗಮ ಅವರನ್ನು ಮತ್ತೆ ಕೂರಿಸಿತು. ನನ್ನ ನಿಜವಾದ ತಕರಾರು ಅದು. ಮಾಸ್ಕು ಹಾಕಿ, ಅಂತರ ಬಿಟ್ಟು, ಪುಸ್ತಕ ತೆರೆದು ಕೂರುವುದಷ್ಟೇ ಕಾರ್ಯಕ್ರಮ. ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ, ಅದೇ ನಾಲ್ಕು ಮುಖ ನೋಡಿಕೊಂಡಿದ್ದ ಏಳು ವರ್ಷದ ಮಗು ತನ್ನ ಓರಗೆಯವರನ್ನು ಮೊದಲ ಸಲ ಕಂಡಾಗ ಅದಕ್ಕೆ ಬೇಕಾದದ್ದು ಮೂರನೇ ಪಾಠದ ಪ್ರಶ್ನೋತ್ತರವೇ? ಕುಂಟೆಬಿಲ್ಲೆಗೆ ಯಾರೂ ಯಾರನ್ನೂ ಮುಟ್ಟಬೇಕಿಲ್ಲ. ಬುಗುರಿಗೂ ಬೇಕಿಲ್ಲ. ಲಗೋರಿ, ಮರಕೋತಿ, ಚಿನ್ನಿದಾಂಡುಗಳಲ್ಲಿ ಮಕ್ಕಳ ನಡುವೆ ಇರುವ ಅಂತರ ತರಗತಿಯಲ್ಲಿ ಇಲಾಖೆ ಗೆರೆ ಎಳೆದು ಕೂರಿಸಿದ ಅಂತರಕ್ಕಿಂತ ಹೆಚ್ಚು. ಕಬಡ್ಡಿ ಬೇಡ, ಒಪ್ಪೋಣ. ಉಳಿದ ಆಟಗಳೇನು ತಪ್ಪು ಮಾಡಿದ್ದವು? ಬಯಲಿನಲ್ಲಿ ಸೋಂಕಿನ ಭಯ ಕಡಿಮೆ ಎಂಬ ನಂಬಿಕೆಯ ಮೇಲೆಯೇ ಇಡೀ ಯೋಜನೆ ನಿಂತಿತ್ತು. ಆ ನಂಬಿಕೆಯ ಲಾಭವನ್ನು ಪಾಠಕ್ಕೆ ಕೊಟ್ಟರು, ಆಟಕ್ಕೆ ಕೊಡಲಿಲ್ಲ.

ಮಲೆನಾಡಿನಲ್ಲಿ ಇದರ ಪೆಟ್ಟು ಇನ್ನೂ ಜೋರು. ಹೊರಗಿನವರಿಗೆ ಇದು ಹೊಳೆಯುವುದಿಲ್ಲ: ಇಲ್ಲಿ ಹಸಿರು ಎಷ್ಟಿದ್ದರೂ ಸಮತಟ್ಟಾದ ಜಾಗ ಕಡಿಮೆ. ಒಂದು ಊರಿನಲ್ಲಿ ಓಡಬಹುದಾದ ನೆಲ ಎಂದರೆ ಒಂದೋ ಗದ್ದೆ, ಇಲ್ಲವೇ ಶಾಲೆಯ ಮೈದಾನ. ಜುಲೈ ಆಗಸ್ಟ್‌ನಲ್ಲಿ ಗದ್ದೆಗೆ ನಾಟಿ. ಶಾಲೆಯ ಗೇಟಿಗೆ ಬೀಗ. ಬೇಸಿಗೆಯಲ್ಲಿ ಕಾಡಂಚಿಗೆ ಹೋಗೋಣವೆಂದರೆ ಅಲ್ಲೂ ಒಂದು ಹಳೆಯ ನಿಷೇಧವಿದೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಉಣುಗಿನ ಮೂಲಕ ಹಬ್ಬುತ್ತದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಅನಾಹುತವನ್ನು ಯಾರೂ ಮರೆತಿರಲಿಲ್ಲ. ಹಾಗಾಗಿ 2020ರ ಬೇಸಿಗೆಯಲ್ಲಿ ತೀರ್ಥಹಳ್ಳಿ, ಸಾಗರದ ಮಕ್ಕಳಿಗೆ ಊರೊಳಗೆ ಗುಂಪು ಸೇರಬೇಡಿ ಎಂಬ ಹೊಸ ಎಚ್ಚರಿಕೆಯ ಜೊತೆಗೆ ಕಾಡಿಗೆ ಕಾಲಿಡಬೇಡಿ ಎಂಬ ಹಳೆಯದೂ ಇತ್ತು. ಎರಡು ರೋಗಗಳ ನಡುವೆ ಅವರಿಗೆ ಉಳಿದದ್ದು ಅಂಗಳ ಮಾತ್ರ, ಅದೂ ಅಡಿಕೆ ಒಣಗಿಸುವ ಕಾಲ ಬರುವವರೆಗೆ. ಶಾಲೆಯ ಮೈದಾನವನ್ನಾದರೂ ತೆರೆದಿಡೋಣ ಎಂದು ಯಾವ ಸುತ್ತೋಲೆಯೂ ಹೇಳಲಿಲ್ಲ.

ಇದಕ್ಕೆ ಕಾರಣ ಕೊರೊನಾ ಅಲ್ಲ. ನಮ್ಮ ವ್ಯವಸ್ಥೆಯಲ್ಲಿ ಆಟಕ್ಕೆ ಮೊದಲಿನಿಂದಲೂ ಇರುವ ಸ್ಥಾನವೇ ಅಷ್ಟು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಆಟದ ಮೈದಾನವಿದೆ, ಆಟದ ಸಾಮಗ್ರಿಯೂ ಇದೆ. ದೈಹಿಕ ಶಿಕ್ಷಣಕ್ಕೆ ಬೋಧಕರು ಮಾತ್ರ ಆರರಿಂದ ಎಂಟನೇ ತರಗತಿಗೆ, ಅದೂ ಮಕ್ಕಳ ಸಂಖ್ಯೆ ನೂರು ದಾಟಿದರೆ, ಅದೂ ಅರೆಕಾಲಿಕ. ಮಲೆನಾಡಿನ ಬಹುಪಾಲು ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಕಾಲು ಭಾಗ ಮಕ್ಕಳೂ ಇಲ್ಲ. ಆಟ ಮಗುವಿನ ಹಕ್ಕು ಎನ್ನುವ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಗೆ ಭಾರತ 1992ರಲ್ಲೇ ಒಪ್ಪಿಗೆ ಕೊಟ್ಟಿದೆ. ಒಪ್ಪಿಗೆ ಕಡತದಲ್ಲಿದೆ.

ಅಕ್ಟೋಬರ್ ಹೊತ್ತಿಗೆ ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗುಲಿದ ಸುದ್ದಿಗಳು ಒಂದರ ಹಿಂದೆ ಒಂದು ಬಂದವು. ಕೆಲವು ಶಿಕ್ಷಕರು ಪ್ರಾಣ ಕಳೆದುಕೊಂಡರು. ವಿರೋಧ ಪಕ್ಷಗಳು ಮುಗಿಬಿದ್ದವು. ಅಕ್ಟೋಬರ್ 10ರಂದು ವಿದ್ಯಾಗಮ ನಿಂತಿತು, ಮರುದಿನವೇ ನಮ್ಮ ಜಿಲ್ಲೆಯವರೇ ಆದ ಮುಖ್ಯಮಂತ್ರಿ ಯಡಿಯೂರಪ್ಪನವರು ಮೂರು ವಾರದ ರಜೆ ಘೋಷಿಸಿದರು. ಶಿಕ್ಷಕರ ಭಯವನ್ನು ನಾನು ಹಗುರ ಮಾಡುವುದಿಲ್ಲ. ಮನೆಯಲ್ಲಿ ವಯಸ್ಸಾದ ತಂದೆತಾಯಿಯನ್ನು ಇಟ್ಟುಕೊಂಡು, ರಕ್ಷಣೆಗೆ ತಾನೇ ಕೊಂಡ ಬಟ್ಟೆಯ ಮಾಸ್ಕು ಕಟ್ಟಿಕೊಂಡು ಮನೆಮನೆ ತಿರುಗಿದವರು ಅವರು. ಆದರೆ ರಾಜ್ಯಕ್ಕೆಲ್ಲ ಒಂದೇ ಸಲ ಆರಂಭ, ಒಂದೇ ಸಲ ಅಂತ್ಯ ಎಂಬುದು ಆಡಳಿತದ ಸೋಮಾರಿತನ. ಬೆಂಗಳೂರಿನ ವಾರ್ಡಿಗೂ ತುಂಗೆಯ ಹಿನ್ನೀರಿನ ಒಂಟಿ ಮನೆಗೂ ಒಂದೇ ಆದೇಶ ಯಾಕೆ?

ಸರ್ಕಾರಕ್ಕೆ ಮನಸ್ಸಿದ್ದರೆ ದಾರಿ ಸಿಗುತ್ತಿತ್ತು ಎನ್ನುವುದಕ್ಕೆ ಪುರಾವೆ ಸರ್ಕಾರವೇ ಕೊಟ್ಟಿದೆ. ಅದೇ 2020ರ ಜೂನ್ 25ರಿಂದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಯಿತು. ನೋಂದಾಯಿಸಿಕೊಂಡವರು 8 ಲಕ್ಷಕ್ಕೂ ಹೆಚ್ಚು. ಥರ್ಮಲ್ ಸ್ಕ್ಯಾನರು, ಸ್ಯಾನಿಟೈಸರು, ಹೆಚ್ಚುವರಿ ಕೊಠಡಿ, ಬಸ್ಸು, ಎಲ್ಲವೂ ಒದಗಿ ಬಂತು. ಒಳ್ಳೆಯ ವ್ಯವಸ್ಥೆಯೇ ಆಗಿತ್ತು, ಒಪ್ಪುತ್ತೇನೆ. ಪರೀಕ್ಷೆಗೆ ಇಷ್ಟು ಶ್ರಮ ಪಡಬಲ್ಲವರು ಆರು ವರ್ಷದ ಮಕ್ಕಳನ್ನು ವಾರಕ್ಕೆರಡು ದಿನ ಮೈದಾನಕ್ಕೆ ಬಿಡಲಾರದೆ ಹೋದರು.

ಮತ್ತೆ ತೆರೆದ ಕ್ರಮವನ್ನು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 2021ರ ಜನವರಿ 1ಕ್ಕೆ ಹತ್ತನೇ ತರಗತಿ, ದ್ವಿತೀಯ ಪಿಯುಸಿ. ಆರರಿಂದ ಒಂಬತ್ತರವರೆಗಿನವರಿಗೆ ಮತ್ತೆ ವಿದ್ಯಾಗಮ. ಒಂದರಿಂದ ಐದಕ್ಕೆ ಏನೂ ಇಲ್ಲ. ಎರಡನೇ ಅಲೆ ಮುಗಿದ ಮೇಲೆ ಆಗಸ್ಟ್ 23ಕ್ಕೆ ಒಂಬತ್ತರಿಂದ ಮೇಲೆ, ಸೆಪ್ಟೆಂಬರ್ 6ಕ್ಕೆ ಆರರಿಂದ ಎಂಟು, ಅಕ್ಟೋಬರ್ 25ಕ್ಕೆ ಒಂದರಿಂದ ಐದು, ನವೆಂಬರ್ 8ಕ್ಕೆ ಅಂಗನವಾಡಿ. ಪರೀಕ್ಷೆಗೆ ಹತ್ತಿರವಿದ್ದವರು ಮೊದಲು, ದೂರವಿದ್ದವರು ಕೊನೆಗೆ. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಶಾಲೆ ತೆರೆದಾಗ ಒಳಗೆ ಬಿಟ್ಟದ್ದು ಅತಿ ಚಿಕ್ಕವರನ್ನು. ಅಷ್ಟು ದೂರ ಹೋಗುವುದೇಕೆ, 2021ರ ಜುಲೈನಲ್ಲಿ ಐಸಿಎಂಆರ್ ಮುಖ್ಯಸ್ಥ ಬಲರಾಮ್ ಭಾರ್ಗವ ಅವರೇ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಜಾಣತನ ಎಂದಿದ್ದರು. ನಾವು ಏಣಿಯನ್ನು ತಲೆಕೆಳಗಾಗಿ ಇಟ್ಟೆವು. ನಲಿ-ಕಲಿ ಪದ್ಧತಿಯನ್ನು ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟುಹಾಕಿ, ಆಡುತ್ತಾ ಕಲಿಯುವುದನ್ನು ದೇಶಕ್ಕೆ ತೋರಿಸಿದ ರಾಜ್ಯದಲ್ಲಿ ನಲಿ-ಕಲಿ ಮಕ್ಕಳೇ ಹತ್ತೊಂಬತ್ತು ತಿಂಗಳು ಹೊರಗುಳಿದರು.

ಗಾಜನೂರಿನಲ್ಲೇ ಇರುವ ಜವಾಹರ ನವೋದಯ ವಿದ್ಯಾಲಯದ ವಿಚಾರ ತುಸು ಬೇರೆ. 1986ರ ಶಿಕ್ಷಣ ನೀತಿಯಿಂದ ಹುಟ್ಟಿದ ನವೋದಯಗಳಲ್ಲಿ ಹಳ್ಳಿಯ ಮಕ್ಕಳಿಗೆ ಆರನೇ ತರಗತಿಯಿಂದ ಊಟ, ವಸತಿ, ಪಾಠ ಎಲ್ಲ ಉಚಿತ. ಬೆಳಗಿನ ವ್ಯಾಯಾಮ, ಸಂಜೆಯ ಆಟ ದಿನಚರಿಯಲ್ಲೇ ಸೇರಿದೆ. ಅಂಥ ಮಗುವನ್ನು ಒಂದು ದಿನ ಹಠಾತ್ತನೆ ಮನೆಗೆ ಕಳಿಸಿದರೆ ಅದು ಕಳೆದುಕೊಳ್ಳುವುದು ತರಗತಿಯೊಂದನ್ನೇ ಅಲ್ಲ. ಮೈದಾನ, ಗೆಳೆಯರು, ಹೊತ್ತುಹೊತ್ತಿನ ಊಟ ಒಟ್ಟಿಗೇ ಹೋಗುತ್ತವೆ. ಒಂಬತ್ತನೇ ತರಗತಿಯಲ್ಲಿ ಕೆಲವರನ್ನು ವರ್ಷದ ಮಟ್ಟಿಗೆ ಬೇರೆ ಭಾಷೆಯ ರಾಜ್ಯದ ನವೋದಯಕ್ಕೆ ಕಳಿಸುವ ಪದ್ಧತಿಯಿಂದಾಗಿ ಲಾಕ್‌ಡೌನ್‌ನಲ್ಲಿ ದೇಶದಾದ್ಯಂತ 3 ಸಾವಿರಕ್ಕೂ ಹೆಚ್ಚು ಮಕ್ಕಳು ಪರಊರುಗಳಲ್ಲಿ ಸಿಕ್ಕಿಬಿದ್ದು, ಮೇ ತಿಂಗಳಲ್ಲಿ ಬಸ್ಸುಗಳಲ್ಲಿ ಮನೆ ಸೇರಿದರು. ವಸತಿ ಶಾಲೆಗಳಲ್ಲಿ ಅಪಾಯವೂ ನಿಜ. 2021ರ ಅಕ್ಟೋಬರ್‌ನಲ್ಲಿ ಕೊಡಗಿನ ನವೋದಯದಲ್ಲಿ 32 ಮಕ್ಕಳಿಗೆ, ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿನ ಸೀಗೋಡಿನಲ್ಲಿ ನೂರರ ಆಸುಪಾಸಿನಷ್ಟು ಜನರಿಗೆ ಸೋಂಕು ಬಂತು. ಆದರೆ ಒಟ್ಟಿಗೆ ಮಲಗುವ ಡಾರ್ಮಿಟರಿಯ ಅಪಾಯವನ್ನೂ ಸಂಜೆಯ ಮೈದಾನದ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಮ್ಮಲ್ಲಿ ತೂಗಿದ್ದು ಹಾಗೆಯೇ.

ಆಮೇಲೆ ನಷ್ಟದ ಲೆಕ್ಕ ಶುರುವಾಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ನೋಡಿ, ಶೇ 92ರಷ್ಟು ಮಕ್ಕಳು ಭಾಷೆಯಲ್ಲಿ, ಶೇ 82ರಷ್ಟು ಮಕ್ಕಳು ಗಣಿತದಲ್ಲಿ ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದಾರೆ ಎಂದು 2021ರಲ್ಲಿ ವರದಿ ಕೊಟ್ಟರು. ಬೇಕಾದ ಕೆಲಸವೇ. ಆದರೆ ಎಷ್ಟು ಮಕ್ಕಳು ಓಡುವುದನ್ನು ಬಿಟ್ಟರು, ಸೋತು ಗೆದ್ದು ಜಗಳವಾಡಿ ಮತ್ತೆ ಒಂದಾಗುವುದನ್ನು ಮರೆತರು ಎಂಬುದು ಸರ್ಕಾರದ ಲೆಕ್ಕಕ್ಕೆ ಬರಲೇ ಇಲ್ಲ. ಲೆಕ್ಕಕ್ಕೆ ಬಾರದ್ದಕ್ಕೆ ಅನುದಾನವೂ ಬರುವುದಿಲ್ಲ.

ಹಾಗೆಂದು ಇಲಾಖೆಗೆ ತಿಳಿಯದೆ ಇರಲಿಲ್ಲ. 2022ರ ಮೇ 16ರಂದು ಶಾಲೆ ಶುರುವಾದಾಗ ಮೊದಲ ಎರಡು ವಾರ 'ಮಳೆಬಿಲ್ಲು' ಎಂಬ ಹೆಸರಿನಲ್ಲಿ ಆಟ, ಹಾಡು, ಕಥೆ, ಚಿತ್ರಗಳನ್ನೇ ಇಟ್ಟರು. ಅಧಿಕೃತ ಕಾರ್ಯಕ್ರಮಗಳಲ್ಲಿ ನನಗೆ ಮನಸಾರೆ ಇಷ್ಟವಾದದ್ದು ಇದೊಂದೇ. ಎರಡು ವರ್ಷ ತಡವಾಗಿ ಬಂತು, ಎರಡೇ ವಾರಕ್ಕೆ ಮುಗಿಯಿತು. ನಂತರ 'ಕಲಿಕಾ ಚೇತರಿಕೆ'ಯ ಹಾಳೆಗಳು ಮಕ್ಕಳ ಮುಂದೆ ಬಂದು ಕೂತವು. ಮಳೆಬಿಲ್ಲನ್ನು ವಿದ್ಯಾಗಮದ ಜೊತೆ 2020ರ ಆಗಸ್ಟ್‌ನಲ್ಲೇ ಕಳಿಸಿದ್ದರೆ ಎರಡೂ ಗೆಲ್ಲುತ್ತಿದ್ದವು.

ಹೀಗಾಗಿ ವಿದ್ಯಾಗಮಕ್ಕೆ ನಾನು ಕೊಡುವ ಅಂಕ ಅರ್ಧ. ಮೇಷ್ಟರನ್ನು ಮಕ್ಕಳ ಬಳಿಗೆ ಕಳಿಸಿದ್ದಕ್ಕೆ ಆ ಅರ್ಧ. ಉಳಿದರ್ಧ ಸಿಗಬೇಕಾದರೆ ಹೆಚ್ಚಿನ ಹಣವೇನೂ ಬೇಕಿರಲಿಲ್ಲ. ಮುಂದೊಮ್ಮೆ, ಕೊರೊನಾ ಇರಲಿ, ಮಂಗನ ಕಾಯಿಲೆ ಇರಲಿ, ಮಳೆಯೇ ಇರಲಿ, ಶಾಲೆ ಮುಚ್ಚುವ ಆದೇಶ ಬರೆಯುವ ಅಧಿಕಾರಿಗಳಲ್ಲಿ ಒಂದೇ ಬೇಡಿಕೆ: ಕೊಠಡಿಗಳಿಗೆ ಬೀಗ ಹಾಕಿ, ಮೈದಾನದ ಗೇಟಿನ ಕೀಲಿಯನ್ನು ಆಯಾ ಊರಿನ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಕೈಗೆ ಕೊಡಿ. ಯಾವ ಮಕ್ಕಳನ್ನು ಯಾವ ಹೊತ್ತಿಗೆ ಒಳಗೆ ಬಿಡಬೇಕು ಎಂಬುದನ್ನು ಅವರು ನಿರ್ಧರಿಸಲಿ.